ಸೋಸಿಸ್‌ನ ಬಾಯಿಗೆ ಬೆಳ್ಳಿ

"ಮಿರ್ತೋ, ಅದನ್ನ ನಿಮ್ಮಪ್ಪನ ಬಾಯಿಗೆ ಹಾಕ್ಬೇಡ ಕಣೇ! ದೋಣಿಯವನು ಮುಖಕ್ಕೆ ಉಗೀತಾನೆ," ಎಂದು ಮೀನು ಮಾರುವ ಗೊರ್ಗೊ ಅವಳ ಕೈ ಹಿಡಿದಳು.

ಮಿರ್ತೋಳ ಕೈಯಲ್ಲಿದ್ದದ್ದು ದೊರೆಯ ಹೊಸ ನಾಣ್ಯ. ಅದರ ಮೇಲೆ ಅಚ್ಚೊತ್ತಿದ್ದ ದೊರೆಯ ಬೊಜ್ಜುಗೆನ್ನೆಯ ಮೂತಿಯಲ್ಲಿ ಬೆಳ್ಳಿಯ ಲೇಪ ಸವೆದು ತಾಮ್ರ ಕಾಣುತ್ತಿತ್ತು. ಸತ್ತವರನ್ನು ಆಚೆ ದಡಕ್ಕೆ ದಾಟಿಸುವ ದೋಣಿಯವನಿಗೆಂದು ಬಾಯಲ್ಲಿ ಬೆಳ್ಳಿ ಇಟ್ಟೇ ಕಳಿಸಬೇಕು. ಇಲ್ಲದಿದ್ದರೆ ಜೀವ ಈಚೆ ದಡದಲ್ಲೇ ಅಲೆಯುತ್ತದೆ. ಆದರೆ ಮನೆಯಲ್ಲಿದ್ದವೆಲ್ಲ ಇಂಥವೇ. ಸಿಸಿಲಿಯ ಆ ಬಂದರಿನ ಸಂತೆಯಲ್ಲಿ ನಾಣ್ಯ ಪರೀಕ್ಷಿಸುತ್ತಿದ್ದ ಅವಳ ಅಪ್ಪ ಸೋಸಿಸ್‌ಗೆ ಸಂಬಳ ಬರುತ್ತಿದ್ದದ್ದೂ ಇದರಲ್ಲೇ.

"ಗೊರ್ಗಕ್ಕ, ನಿನ್ನ ಹತ್ರ ಏಡಿ ಚಿತ್ರದ ಹಳೇ ಬೆಳ್ಳಿ ನಾಣ್ಯ ಇದ್ಯಲ್ಲ, ಒಂದು ಕೊಡು."

"ಇದೇ ಬೆಳ್ಳಿ ಅಂತ ನಿಮ್ಮಪ್ಪ ನಮಗೆಲ್ಲ ಹೇಳಿದ್ನಲ್ಲೇ! ಹೋಗಿ ದೋಣಿಯವನಿಗೂ ಹೇಳ್ಲಿ."

ಹೆಣ ಹೊರಲು ಬಂದಿದ್ದ ಕುಂಬಾರ ಆರ್ಕೋನ್ ಕಿಸಕ್ಕೆಂದ. ಅಳಲು ಬಂದವರಲ್ಲಿ ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ.

*

ಹಿಂದಿನ ವರ್ಷ ಗೊರ್ಗೊ ಇಂಥದೇ ನಾಣ್ಯವನ್ನು ಸೋಸಿಸ್‌ನ ಮಣೆಯ ಮೇಲೆ ಬಿಸಾಡಿದ್ದಳು.

"ಉಳಿಯಲ್ಲಿ ಸೀಳಿ ನೋಡಣ್ಣ."

"ದೊರೆ ಮುಖಕ್ಕೆ ಉಳಿ ಇಡ್ತಾರೇನೇ? ಒಳ್ಳೇ ಬೆಳ್ಳಿ ಇದು. ಬೇಡ ಅಂದ್ರೆ ಛಡಿ ಏಟು, ಗೊತ್ತಲ್ಲ?"

ಪಕ್ಕದಲ್ಲಿ ಕಾವಲುಗಾರ ನಿಂತಿದ್ದ. ಅವಳು ಜಾಡಿಗಟ್ಟಲೆ ಉಪ್ಪುಮೀನು ಕೊಟ್ಟು ಆ ತಗಡುಗಳನ್ನು ತೆಗೆದುಕೊಂಡಳು. ಹಡಗಿನವರು ಅವಕ್ಕೆ ಒಂದು ಹಿಡಿ ಗೋಧಿಯನ್ನೂ ಕೊಡಲಿಲ್ಲ. ಚಳಿಗಾಲದಲ್ಲಿ ಅವಳ ದೋಣಿ ಮಾರಾಟವಾಯಿತು. ದೊರೆ ಮಾತ್ರ ತೆರಿಗೆಯನ್ನು ಹಳೆಯ ಬೆಳ್ಳಿಯಲ್ಲೇ ವಸೂಲಿ ಮಾಡಿ ಅರಮನೆ ಕಟ್ಟಿಸಿದ, ನಾಚಿಕೆಗೆಟ್ಟವನು.

*

"ಬೆಳಕು ಹರಿಯೋದ್ರೊಳಗೆ ಊರಬಾಗಿಲು ದಾಟ್ಬೇಕು. ಬೇಗ ಮುಗಿಸ್ರಮ್ಮ," ಎಂದು ಆರ್ಕೋನ್ ಗೊಣಗಿದ.

ಮಿರ್ತೋ ಕಿವಿಯೋಲೆ ಬಿಚ್ಚಿದಳು.

"ತಗೋ ಅಕ್ಕ. ಏನೇ ಮಾಡಿರ್ಲಿ, ನಮ್ಮಪ್ಪ. ದಡದಲ್ಲಿ ಭಿಕ್ಷುಕನ ಹಾಗೆ ನಿಲ್ಲಿಸೋಕೆ ನನ್ನ ಕೈಲಾಗಲ್ಲ."

ಗೊರ್ಗೊ ಓಲೆ ಮುಟ್ಟಲಿಲ್ಲ. ಸಂತೆಯವರೆಲ್ಲ ಮಾಡುವಂತೆ ದವಡೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಏಡಿ ನಾಣ್ಯವನ್ನು ಅಂಗೈಗೆ ಉಗುಳಿ ಒರೆಸಿದಳು.

"ಹಿಡಿ. ನಿನ್ನ ಮುಖ ನೋಡಿ ಕೊಡ್ತಿದೀನಿ, ಆ ಹಾಳಾದವನಿಗಲ್ಲ."

ಮಿರ್ತೋ ಹೆಣದ ಗದ್ದಕ್ಕೆ ಬಿಗಿದಿದ್ದ ಪಟ್ಟಿ ಸಡಿಲಿಸಿ ಬಾಯಿ ಬಿಡಿಸಿದಳು. ದವಡೆಯ ಸಂದಿಯಲ್ಲಿ ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು. ಎಳೆದು ತೆಗೆದಳು. ಏಡಿ ನಾಣ್ಯ! ಅದರ ನಟ್ಟನಡುವೆ ಉಳಿಯಿಂದ ಸೀಳಿದ ಹೊಸ ಗುರುತು. ಒಳಗೂ ಅಪ್ಪಟ ಬೆಳ್ಳಿ.

"ಅಯ್ಯೋ ಕಳ್ಳ! ತನ್ನದನ್ನ ಮಾತ್ರ ಸೀಳಿ ನೋಡ್ಕೊಂಡಿದಾನೆ!" ಎಂದಳು ಗೊರ್ಗೊ.

ಮಿರ್ತೋ ಎರಡೂ ಏಡಿ ನಾಣ್ಯಗಳನ್ನು ಗೊರ್ಗೊಳ ಕೈಗೆ ಹಾಕಿದಳು. ದೊರೆಯ ನಾಣ್ಯವನ್ನು ಅಪ್ಪನ ನಾಲಿಗೆಯ ಮೇಲಿಟ್ಟು, ಹಲ್ಲಿಗೆ ಹಲ್ಲು ಕಚ್ಚುವಂತೆ ಗದ್ದದ ಪಟ್ಟಿಯನ್ನು ಎಳೆದೆಳೆದು ಗಂಟು ಹಾಕಿದಳು.