ಬದಲಿ ಮರಿ

ಬೀದಿಯವರೆಲ್ಲ ಅವಳನ್ನು ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಅಷ್ಟೇ ಅವಳ ಅಂಗಡಿ. ಕಿಟಕಿಗಳ ಅಳತೆಗೆಂದು ಗಿರಾಕಿಗಳ ಮನೆಗೆ ತಾನೇ ಹೋಗುತ್ತಿದ್ದಳು. ಹಾಗೆ ಹೋಗಿಯೇ ಅವಳ ನೆಮ್ಮದಿ ಕೆಟ್ಟಿತು.

ಊರಂಚಿನ ದೊಡ್ಡ ಮನೆ ಅದು. ಮಾಲೀಕ ಅವಳನ್ನು ನೇರ ಹಿತ್ತಲಿನ ಶೆಡ್ಡಿಗೆ ಕರೆದೊಯ್ದ.

“ಈ ಕಿಟಕಿಗಳಿಗೆ ದಪ್ಪ ಬಟ್ಟೆ ಹಾಕಿಬಿಡಿ. ಬೊಗಳೋದು ಕೇಳಿಸುತ್ತೆ ಅಂತ ಅಕ್ಕಪಕ್ಕದವರದ್ದು ಒಂದೇ ರಗಳೆ.”

ಒಳಗೆ ಒಂದರ ಮೇಲೊಂದು ಪೇರಿಸಿದ ಪಂಜರಗಳು. ಅವುಗಳ ತಳವೂ ತಂತಿಯದೇ. ನಿಂತೂ ನಿಂತೂ ನಾಯಿಗಳ ಪಾದಗಳು ಹುಣ್ಣಾಗಿದ್ದವು. ಮೇಲಿನದರ ಹೊಲಸು ಕೆಳಗಿನದರ ಮೈಮೇಲೆ ಬೀಳುತ್ತಿತ್ತು. ಒಂದು ತಾಯಿನಾಯಿಯ ಮೊಲೆಗಳು ಜೋತುಬಿದ್ದು ತಂತಿಗೆ ತಾಗುತ್ತಿದ್ದವು. ಅವಳನ್ನು ಕಂಡು ಅದು ಬೊಗಳಲಿಲ್ಲ, ಬಾಲವನ್ನೂ ಅಲ್ಲಾಡಿಸಲಿಲ್ಲ.

“ಇದರ ಮರಿಗಳೆಲ್ಲಿ?”

“ಪೇಟೆ ಅಂಗಡಿಗೆ ಹೋದ್ವು. ಬೇಗ ಬಿಡಿಸಿದ್ರೆ ಬೇಗ ಮತ್ತೆ ಬೆದೆಗೆ ಬರುತ್ತೆ ನೋಡಿ.”

ಹಸುವಿನ ಹಾಲು ಕರೆದಷ್ಟು ಸಲೀಸಾಗಿ ಹೇಳಿದ. ಪರದೆಯಕ್ಕ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡಳು. ಅಳತೆಗೆಂದೇ ತೆಗೆಯುತ್ತಿದ್ದಾಳೆ ಎಂದುಕೊಂಡು ಅವನು ದೀಪವನ್ನೂ ಹಾಕಿಕೊಟ್ಟ. ಅವಳು ಟೇಪು ಸುತ್ತಿ ಚೀಲಕ್ಕೆ ತುರುಕಿದಳು. “ಈ ಕೆಲಸ ನನ್ನ ಕೈಲಾಗಲ್ಲ. ಬೇರೆಯವರನ್ನ ನೋಡ್ಕೊಳ್ಳಿ,” ಎಂದು ಹೇಳಿ ಹೊರಬಂದಳು.

ಮರುದಿನವೇ ನಗರಸಭೆಗೆ ದೂರು ಕೊಟ್ಟಳು. ಅಲೆದಲೆದು ಚಪ್ಪಲಿ ಸವೆದ ಮೇಲೆ ಅಧಿಕಾರಿ ಬಾಯಿಬಿಟ್ಟರು.

“ಹೋಗಿ ನೋಡ್ಕೊಂಡು ಬಂದ್ವಲ್ಲಮ್ಮಾ. ಎಲ್ಲಾ ಚೊಕ್ಕಟವಾಗಿತ್ತು. ನಾಲ್ಕೈದು ನಾಯಿ, ಹಾಯಾಗಿದ್ವು.”

“ಹೋಗೋ ಮುಂಚೆ ಫೋನ್ ಮಾಡಿದ್ರಾ ಸಾರ್?”

“ಮಾಡದೆ ಹೋದ್ರೆ, ಮನೇಲಿ ಯಾರೂ ಇಲ್ದಿದ್ರೆ?”

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಆಮೇಲೆ ಭಾನುವಾರಗಳಂದು ಪೇಟೆಯಲ್ಲಿ ಆ ಮರಿಗಳನ್ನು ಮಾರುವ ಅಂಗಡಿಯ ಎದುರು ನಿಲ್ಲತೊಡಗಿದಳು. ಒಂದು ಹಲಗೆಗೆ ಆ ತಾಯಿನಾಯಿಯ ಫೋಟೊ ಅಂಟಿಸಿ, ‘ಈ ಮರಿಗಳ ಅಮ್ಮ ಇಲ್ಲಿದ್ದಾಳೆ’ ಎಂದು ಕೆಳಗೆ ಬರೆದಿದ್ದಳು. ಜನ ನಿಂತು ಓದುತ್ತಿದ್ದರು, ಲೊಚಗುಟ್ಟುತ್ತಿದ್ದರು. ಆಮೇಲೆ ಗಾಜಿನಾಚೆ ಉರುಳಾಡುವ ಮರಿಗಳನ್ನು ನೋಡಿ ಒಳಗೆ ಹೋಗುತ್ತಿದ್ದರು. ಒಬ್ಬ ಗಂಡಸಂತೂ ಫೋಟೊವನ್ನು ಗಮನವಿಟ್ಟು ನೋಡಿ, “ಇವರ ವಿಳಾಸ ಇದೆಯಾ? ಅಂಗಡಿಗಿಂತ ಅಲ್ಲೇ ಸಸ್ತಾ ಸಿಗಬಹುದಲ್ವಾ?” ಎಂದು ಕೇಳಿದ. ಅಂಗಡಿಯವನು ಜಗಳಕ್ಕೂ ಬರಲಿಲ್ಲ. ಬಿಸಿಲೇರಿದಾಗ ಕುರ್ಚಿ ತಂದಿಟ್ಟು, “ಕೂತ್ಕೊಳ್ಳಿ ಅಕ್ಕಾ. ನೀವು ನಿಂತ ಮೇಲೆ ಜನ ಜಾಸ್ತಿನೇ ಬರ್ತಿದ್ದಾರೆ,” ಎಂದ. ಅವಳು ಕೂರಲಿಲ್ಲ. ಮನೆಗೆ ಬಂದ ಮೇಲೂ ಅವಳದ್ದು ಅದೇ ಮಾತು.

“ಒಂದು ಹೊತ್ತಾದ್ರೂ ನಾಯಿ ವಿಷಯ ಬಿಟ್ಟು ಊಟ ಮಾಡೋಣ ಕಣೇ,” ಎಂದು ಗಂಡ ಅಂಗಲಾಚಿದ.

ಅಷ್ಟರಲ್ಲಿ ತಂಗಿಯ ಫೋನು ಬಂತು, ಕೂಡಲೇ ಬಾ ಎಂದು. ಹೋಗಿ ನೋಡಿದರೆ ತಂಗಿಯ ಮಗಳ ಮಡಿಲಲ್ಲಿ ಒಂದು ಬಿಳಿ ಮರಿ.

“ದೊಡ್ಡಮ್ಮಾ, ನಮ್ದೇ ಇದು!”

“ಎಲ್ಲಿಂದ ತಂದೆ?” ಪರದೆಯಕ್ಕ ತಂಗಿಯನ್ನು ಕೇಳಿದಳು.

“ಅದೇ ಅಂಗಡಿಯಿಂದ. ನೀನು ಹೇಳಿದ್ದು ಕೇಳಿ ಕರುಳು ಚುರುಕ್ ಅಂತು ಅಕ್ಕಾ. ಒಂದನ್ನಾದ್ರೂ ಬಿಡಿಸ್ಕೊಂಡು ಬರೋಣ ಅಂತ...”

“ಬಿಡಿಸ್ಕೊಂಡು ಬಂದದ್ದಲ್ಲ, ಕೊಂಡ್ಕೊಂಡು ಬಂದದ್ದು! ಇದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದನ್ನ ತಂದಿಡ್ತಾನೆ. ಅದನ್ನೂ ಆ ತಾಯಿನೇ ಹೆರಬೇಕು. ಇಷ್ಟು ದಿನ ಗಂಟಲು ಹರ್ಕೊಂಡದ್ದು ಯಾಕೆ ನಾನು?”

“ಮಗು ಎದುರಿಗೆ ಕೂಗಾಡ್ಬೇಡ.”

ಹುಡುಗಿ ಎರಡೂ ಕೈಯಿಂದ ಮರಿಯ ಕಿವಿ ಮುಚ್ಚಿದಳು. ಪರದೆಯಕ್ಕ ನೀರನ್ನೂ ಕುಡಿಯದೆ ಹೊರಟುಬಂದಳು.

ವಾರ ಕಳೆಯುವಷ್ಟರಲ್ಲಿ ಮರಿ ವಾಂತಿ ಮಾಡಿಕೊಳ್ಳತೊಡಗಿತು. ಆಮೇಲೆ ರಕ್ತಭೇದಿ. ತಂಗಿ ಅಳುತ್ತಾ ಫೋನ್ ಮಾಡಿದಾಗ ಇವಳ ಕೋಪ ಉಳಿಯಲಿಲ್ಲ; ಅರ್ಧ ಹೊಲಿದ ಬಟ್ಟೆಯನ್ನು ಯಂತ್ರದಲ್ಲೇ ಬಿಟ್ಟು ಓಡಿದಳು. ನಾಯಿಗಳ ಡಾಕ್ಟರಮ್ಮ ಬೆರಳಿನಷ್ಟು ದಪ್ಪದ ಕಾಲಿಗೆ ಡ್ರಿಪ್ ಹಾಕಿದರು. “ಆ ಅಂಗಡಿಯಿಂದ ಬಂದ ಮರಿಗಳದ್ದೆಲ್ಲ ಇದೇ ಕಥೆ. ತಾಯಿ ಹಾಲೇ ಸರಿಯಾಗಿ ಕುಡಿದಿರಲ್ಲ,” ಎಂದರು. ಅಕ್ಕ ತಂಗಿ ಪಕ್ಕಪಕ್ಕ ಕೂತರು. ಸಂಜೆಗೆ ಮರಿ ತೀರಿಕೊಂಡಿತು.

“ಇವತ್ತು ಅವನಿಗೆ ಗ್ರಹಚಾರ ಬಿಡಿಸ್ತೀನಿ,” ಎಂದು ತಂಗಿ ಮಗಳ ಕೈಹಿಡಿದು ಅಂಗಡಿಗೆ ಹೊರಟಾಗ ಪರದೆಯಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು. ಕೊನೆಗೂ ಒಬ್ಬಳಿಗಾದರೂ ಅರ್ಥವಾಯಿತಲ್ಲ! ತಂಗಿಯ ಮನೆಯಲ್ಲೇ ಕಾದಳು. ತಂಗಿ ಬಂದಳು. ಮಗಳ ತೋಳಿನಲ್ಲಿ ಇನ್ನೊಂದು ಬಿಳಿ ಮರಿ.

“ಬಾಯಿಗೆ ಬಂದಂಗೆ ಬೈದೆ ಅಕ್ಕಾ. ತಪ್ಪಾಯ್ತು, ಬದಲಿ ಕೊಡ್ತೀನಿ ಅಂದ. ಇವಳು ಒಂದೇ ಸಮ ಅಳ್ತಿದ್ಲು. ನಾನೇನ್ಮಾಡ್ಲಿ?”

ಮಿಕ್ಸಿ ಕೆಟ್ಟರೆ ಬದಲಿ ಕೊಡುವುದನ್ನು ಪರದೆಯಕ್ಕ ಕೇಳಿದ್ದಳು. ಮರಿ ಒಮ್ಮೆ ಕೆಮ್ಮಿತು. ಅವಳು ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಡಾಕ್ಟರಮ್ಮನ ಬಳಿಗೇ ನಡೆದಳು.

ಡಾಕ್ಟರಮ್ಮ ಮರಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ಇದು ಬದುಕುತ್ತೆ ಅನ್ಸುತ್ತೆ.”

“ಮಿಕ್ಕಿದವು? ನೀವೊಂದು ಮಾತು ಅಧಿಕಾರಿಗಳ ಹತ್ರ ಬಂದು ಹೇಳಬಾರದಾ?”

“ಆ ಮಾಲೀಕನೂ ನನ್ನ ಹತ್ರಾನೇ ಬರ್ತಾನಮ್ಮಾ,” ಎಂದವರು ಕೈ ತೊಳೆದುಕೊಂಡರು. ಟವೆಲಿನಿಂದ ಕೈ ಒರೆಸಿಕೊಂಡ ಮೇಲೆ, “ನಡೀರಿ, ನಾಳೆ ಹೋಗೋಣ,” ಎಂದರು.

ಮರುದಿನ ಇಬ್ಬರೂ ನಗರಸಭೆಗೆ ಹೋದರು. ಅಧಿಕಾರಿ ಸೀಟಿನಲ್ಲಿರಲಿಲ್ಲ. ರಜೆಯೋ, ಮೀಟಿಂಗೋ, ಹೇಳುವವರೂ ಇರಲಿಲ್ಲ. ಡಾಕ್ಟರಮ್ಮ ಗಡಿಯಾರ ನೋಡಿಕೊಂಡು, “ಕ್ಲಿನಿಕ್ಕಲ್ಲಿ ಜನ ಕಾಯ್ತಿರ್ತಾರೆ,” ಎಂದರು. ಆದರೆ ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಚೀಲ ಸರಿಸಿ ಇವಳಿಗೂ ಜಾಗ ಮಾಡಿಕೊಟ್ಟರು.