ಕರಿಯಮ್ಮನ ಬಿಡುಗಡೆ

ರಾಮಚಂದ್ರಪ್ಪ ಕಾನೂನು ಪರೀಕ್ಷೆ ಮುಗಿಸಿ ಶಿವಮೊಗ್ಗಕ್ಕೆ ಬಂದದ್ದು ೧೯೩೮ರಲ್ಲಿ. ಊರಿನ ಕೆಲವು ವಕೀಲರು ಸೇರಿ, ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಆರೋಪಿಗಳ ಪರವಾಗಿ ಪುಕ್ಕಟೆ ವಾದಿಸಲು ಆಗಷ್ಟೇ ಒಂದು ಸಂಘ ಕಟ್ಟಿದ್ದರು. ಅದರ ಹಿರಿಯರಾದ ಉಜ್ಜನಪ್ಪನವರ ಕೈಕೆಳಗೆ ಅವನು ಕೆಲಸ ಕಲಿಯಲು ಸೇರಿದ.

"ಜೈಲಿಗೆ ಹೋಗಿ ಕರಿಯಮ್ಮನ್ನ ಮಾತಾಡಿಸ್ಕೊಂಡು ಬಾ ಮಾರಾಯ. ನನ್ನ ಹತ್ರ ಬಾಯೇ ಬಿಡ್ತಿಲ್ಲ" ಎಂದರು ಉಜ್ಜನಪ್ಪ.

ಕರಿಯಮ್ಮ ಭದ್ರಾ ಹೊಳೆಯ ಆಚೆ ದಡದ ಹಳ್ಳಿಯವಳು. ಗಂಡ ಜಟ್ಟಪ್ಪ ಕಾಡಿನಲ್ಲಿ ಇದ್ದಿಲು ಸುಡುವ ಕೆಲಸಕ್ಕೆ ಹೋಗಿದ್ದಾಗ ಅವರ ಹೆಣ್ಣುಮಗುವಿಗೆ ಜ್ವರ ಏರಿತು. ಯಂತ್ರ ಕಟ್ಟಿಸಿದರೆ ಸಾಕೆಂದ ಅತ್ತೆಯ ಮಾತು ಕೇಳದೆ ಅವಳು ಮಗುವನ್ನು ಎತ್ತಿಕೊಂಡು ಭದ್ರಾವತಿಯ ಆಸ್ಪತ್ರೆಗೆ ನಡೆದಳು. ದೋಣಿಯವನು ಸಿಗಲಿಲ್ಲ. ಹೊಳೆಗೆ ಇಳಿದು ದಾಟುವಾಗ ಸೆಳವಿನಲ್ಲಿ ಮಗು ಕೈತಪ್ಪಿತು. ಬಟ್ಟೆ ಒಗೆಯುತ್ತಿದ್ದವರು ಎಳೆದು ತಂದಾಗ ಮಗು ಹೆಣವಾಗಿತ್ತು. "ನಾನೇ ನೀರಿಗೆ ಬಿಟ್ಟೆ" ಎಂದಳು ಕರಿಯಮ್ಮ. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಹೆಣ್ಣು ಹುಟ್ಟಿತೆಂದು ಸೊಸೆಗೆ ಮೊದಲಿನಿಂದ ಬೇಸರವಿತ್ತು ಎಂದು ಅತ್ತೆ ಸೇರಿಸಿದಳು. ಕೊಲೆಯ ಮೊಕದ್ದಮೆಯಾಯಿತು.

ಜೈಲಿನಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು.

"ಕೈ ಜಾರಿತು ಅಂತ ಹೇಳಿ ತಾಯಿ. ಬಿಟ್ಟೆ ಅನ್ಬೇಡಿ" ಎಂದ ರಾಮಚಂದ್ರಪ್ಪ.

"ಎರಡೂ ಒಂದೇ ಅಲ್ವಾ ಸ್ವಾಮಿ? ಹಿಡ್ಕೊಳ್ಳೋಕೆ ನಾನೊಬ್ಬಳೇ ಇದ್ದದ್ದು. ನನಗೆ ಶಿಕ್ಷೆ ಆಗ್ಲಿ, ನೀವು ಹೋಗಿ."

ಮರುದಿನ ಅವನು ರೈಲಿನಲ್ಲಿ ಭದ್ರಾವತಿಗೆ ಹೋಗಿ, ಶವಪರೀಕ್ಷೆ ಮಾಡಿದ ಡಾಕ್ಟರನ್ನು ಕಂಡ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ಮುಳುಗಿ ಸತ್ತ ಮಗು ಅಲ್ಲ. ನೀರಿಗೆ ಬೀಳೋ ಮುಂಚೇನೇ ಜ್ವರದಲ್ಲಿ ಹೋಗಿಬಿಟ್ಟಿತ್ತು. ರಿಪೋರ್ಟಲ್ಲೂ ಬರೆದಿದ್ದೆ, ಅವಳೇ ಒಪ್ಕೊಂಡಿದ್ದಾಳೆ ಅಂತ ಪೊಲೀಸರು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕೋರ್ಟಲ್ಲೂ ಅದನ್ನೇ ಹೇಳ್ತೀನಿ."

ಹಿಂದಿರುಗುವ ರೈಲಿನಲ್ಲಿ ರಾಮಚಂದ್ರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೇಸು ಗೆದ್ದಂತೆಯೇ ಎನಿಸಿ ಓಡೋಡಿ ಬಂದು ಉಜ್ಜನಪ್ಪನವರಿಗೆ ತಿಳಿಸಿದ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಅವಳಿಗೆ ಇದು ಗೊತ್ತಿಲ್ಲ ಕಣಯ್ಯ. ಅಷ್ಟು ಜನರ ಮುಂದೆ ಕೇಳಿಸ್ಕೊಳ್ಳೋದು ಬೇಡ. ನೀನೇ ಹೋಗಿ ಹೇಳು."

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಅವಳ ಮುಂದೆ ನಿಂತಾಗ ನೆನಪಾಗಲಿಲ್ಲ. ಡಾಕ್ಟರು ಅಂದದ್ದನ್ನು ಅಂದಂತೆಯೇ ಹೇಳಿಬಿಟ್ಟ. ಕರಿಯಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ. ಹೊಳೆ ತನಕ ನಾನು ಅವಳ ಜೊತೆ ಮಾತಾಡ್ಕೊಂಡೇ ಬಂದಿದ್ದೀನಿ. ಡಾಕ್ಟ್ರು ಔಷಧಿ ಕೊಡ್ತಾರೆ, ಆಮೇಲೆ ಬೆಲ್ಲ ಕೊಡಿಸ್ತೀನಿ ಅಂದೆ."

ರಾಮಚಂದ್ರಪ್ಪ ತಲೆ ತಗ್ಗಿಸಿದ.

"ಹಂಗಾದ್ರೆ ನಾನು ಮಾತಾಡಿದ್ದು ಯಾರ ಹತ್ರ?" ಎಂದು ಕೇಳಿದಳು. ಇಷ್ಟು ದಿನ ಒಣಗಿದ್ದ ಅವಳ ಕಣ್ಣು ಆಗ ತುಂಬಿತು. ಸದ್ದಿಲ್ಲದೆ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಜೈಲಿನ ಕಾವಲಿನವಳು ಬಂದು ಪಕ್ಕದಲ್ಲಿ ಕೂತಳು.

ಸೆಷನ್ಸ್ ಕೋರ್ಟಿನಲ್ಲಿ ಡಾಕ್ಟರ ಸಾಕ್ಷಿಯ ನಂತರ ಹೆಚ್ಚು ವಾದ ಉಳಿಯಲಿಲ್ಲ. ನ್ಯಾಯಾಧೀಶರು ಅವಳನ್ನು ಬಿಡುಗಡೆ ಮಾಡಿದರು. ಹೊರಗೆ ಜಟ್ಟಪ್ಪ ನಿಂತಿದ್ದ. ಕೈಯ ಗೆರೆಗಳಲ್ಲಿ ಇದ್ದಿಲಿನ ಕಪ್ಪು. "ಮನೆಗೆ ಹೋಗಾಣ" ಎಂದ. ಅವಳು ಅವನ ಮುಖ ನೋಡಿದಳು, ಆಮೇಲೆ ತನ್ನ ಅಣ್ಣ ಸಿದ್ದಯ್ಯನ ಗಾಡಿ ಹತ್ತಿದಳು. ಗಾಡಿ ಅವಳ ತವರೂರು ಹೊಳಲೂರಿನ ಕಡೆ ಹೊರಟಿತು. ಜಟ್ಟಪ್ಪ ಸ್ವಲ್ಪ ದೂರ ಅದರ ಹಿಂದೆಯೇ ನಡೆದು, ಆಮೇಲೆ ನಿಂತುಬಿಟ್ಟ.

ಸಂಘದಲ್ಲಿ ಎಲ್ಲರೂ ರಾಮಚಂದ್ರಪ್ಪನ ಬೆನ್ನು ತಟ್ಟಿದರು. ಅವನಿಗೆ ಅಂದು ಊಟ ಸೇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೇರೊಂದು ಕೇಸಿನ ಸಾಕ್ಷಿಯನ್ನು ಹುಡುಕಿಕೊಂಡು ಹೊಳಲೂರಿಗೆ ಹೋದಾಗ ಅವನು ಸಿದ್ದಯ್ಯನ ಮನೆಗೂ ಹೋದ. ಕರಿಯಮ್ಮ ಮಜ್ಜಿಗೆ ತಂದುಕೊಟ್ಟಳು. ಸೊರಗಿದ್ದಳು. ಉಜ್ಜನಪ್ಪನವರ ಆರೋಗ್ಯ ವಿಚಾರಿಸಿದಳು. ಅವನು ಹೊರಡಲು ಎದ್ದಾಗ ಬಾಗಿಲ ತನಕ ಬಂದಳು.

"ಒಂದು ಮಾತು ಕೇಳ್ಲಾ ಸ್ವಾಮಿ? ದಾರೀಲಿ ಯಾವ ಜಾಗದಲ್ಲಿ ಹೋದ್ಲು ಅಂತ ಡಾಕ್ಟ್ರಿಗೆ ಗೊತ್ತಾಗುತ್ತಾ?"

"ಇಲ್ಲ ತಾಯಿ. ಅದು ಯಾರಿಗೂ ಗೊತ್ತಾಗಲ್ಲ."

ಅವಳು ಹೊಸಿಲಿನ ಮೇಲೆ ಕೂತುಕೊಂಡಳು.

"ಗದ್ದೆ ಬದಿಯ ಹುಣಸೆ ಮರದ ಹತ್ರ ಒಂದ್ಸಲ ಕೆಮ್ಮಿದ್ಲು" ಎಂದಳು. "ಅಲ್ಲೀ ತನಕ ಇದ್ಲು."