ಉಪ್ಪಿನ ಬೆರಳು

ನಲ್ಲಿಯ ನೀರು ಬಿದ್ದದ್ದೇ ಬೀಳುತ್ತಿದೆ, ಈ ಸಾರಿಕಾ ಇನ್ನೂ ಕೈ ತೊಳೆಯುವುದು ಮುಗಿಸಿಲ್ಲ, ಒಂದೊಂದೇ ಬೆರಳು ಹಿಡಿದು ತಿಕ್ಕುತ್ತಿದ್ದಾಳೆ, ತಿಕ್ಕಲಿ, ಶುಭಾಂಗಿಗೇನು — ಮಷೀನಿನ ಪರದೆಯ ಮೇಲೆ ಸಾರಿಕಾ ಪರೀಕ್ಷೆಗಿಟ್ಟ ಕರಜಗಿ ಬೋರಿನ ನೀರಿನ ಗೆರೆ ಹಾಗೇ ನಿಂತಿದೆ, ಪೊಟ್ಯಾಶಿಯಂ ಇಷ್ಟೇ ಇಷ್ಟು, ಕ್ಯಾಲ್ಸಿಯಂ ಅಷ್ಟು, ಸೋಡಿಯಂ ಮಾತ್ರ ಗುಡ್ಡದ ಹಾಗೆ ಎದ್ದು ಪಕ್ಕದ ಮೆಗ್ನೀಶಿಯಮ್ಮನ್ನು ನುಂಗಿಬಿಟ್ಟಿದೆ. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆ, ಎರಡೂ ತುದಿಗೆ ಕರೆಂಟು ಕೊಟ್ಟರೆ ನೀರಿನೊಳಗಿನ ಲೋಹಗಳು ಒಂದರ ಹಿಂದೊಂದು ಓಡಿ ಬರುತ್ತವೆ, ಚುರುಕಾದದ್ದು ಮುಂದೆ, ಇದನ್ನೆಲ್ಲ ಇವಳಿಗೆ ಕಲಿಸಿದವರು ಯಾರು, ಶುಭಾಂಗಿಯೇ, ವಳಸಂಗದಿಂದ ಬಸ್ಸಿನಲ್ಲಿ ನಿಂತುಕೊಂಡು ಚಿಂಚೋಳಿಯ ಈ ಲ್ಯಾಬಿನ ತನಕ ಬಂದು ದಿನಾ ಕೊಳವೆ ತೊಳೆದವಳು ಶುಭಾಂಗಿ, ಆದರೆ ಗುರುಸಿದ್ಧ ಸಾಹೇಬರ ಬಾಯಲ್ಲಿ ಬರೀ ಸಾರಿಕಾ, ಆಕಿ ಕೈ ಭಾಳ ಸಾಫ್ ಐತಿ, ಮಷೀನ್ ಆಕಿಗೇ ಒಪ್ಪಸೂಣು — ಪೇಟೆಯ ಸಾಹುಕಾರರ ಮಗಳು, ನಿನ್ನೆ ಮೊನ್ನೆ ಬಂದವಳು, ಹೊಟ್ಟೆ ಹೊತ್ತಿ ಉರಿಯದೆ ಇರುತ್ತದೆಯೇ. ಅದಕ್ಕೇ ಇವತ್ತು ಡಬ್ಬಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ಕೈ ತೊಳೆಯದೆ, ಎಣ್ಣೆ ತೇಲಬಾರದೆಂದು ಓಢಣಿಗಷ್ಟೇ ಒರೆಸಿಕೊಂಡು, ಸಾರಿಕಾ ಪರೀಕ್ಷೆಗೆ ತುಂಬಿಟ್ಟ ನೀರಿನ ಶೀಶೆಯಲ್ಲಿ ಬೆರಳು ಅದ್ದಿದಳು, ಒಂದೇ ಬೆರಳು, ಉಪ್ಪಿಗೆ ಅಷ್ಟು ಸಾಕು.

ಗೆರೆ ನೋಡಿದ ಸಾಹೇಬರು ಬೈಯಲಿಲ್ಲ, ಇದು ಕೈಯಾಗಿನ ಉಪ್ಪು ಸಾರಿಕಾ, ನಾಳಿಂದ ಮಷೀನ್ ಶುಭಾಂಗಿ ನೋಡಲಿ, ಅಷ್ಟೇ ಅಂದು ಹೋದರು — ಬೇಕಾದದ್ದು ಸಿಕ್ಕಿತಲ್ಲ, ಮತ್ತೆ ಈ ಉರಿ ಯಾಕೆ ಆರುತ್ತಿಲ್ಲ, ಸಾರಿಕಾ ಅಳಬೇಕಿತ್ತು, ಜಗಳ ತೆಗೆಯಬೇಕಿತ್ತು, ಯಾರೋ ಬೇಕಂತ ಮಾಡ್ಯಾರ್ರಿ ಅನ್ನಬೇಕಿತ್ತು, ಅದು ಬಿಟ್ಟು ತನ್ನ ಕೈಯ ಮೇಲೆಯೇ ಸಂಶಯಪಟ್ಟು ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತಿದ್ದಾಳೆ, ಮಾಡದ ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಇವಳೇ ಮೇಲಾಗಬೇಕೇ, ಅದಕ್ಕೂ ಶುಭಾಂಗಿ ಹೊಟ್ಟೆಕಿಚ್ಚು ಪಡಬೇಕೇ — ನಲ್ಲಿ ನಿಂತಿತು, ಬರುತ್ತಿದ್ದಾಳೆ, ಇತ್ತ ಬರುವುದು ಬೇಡ, ಬಂದೇ ಬಿಟ್ಟಳು, ಅಕ್ಕಾ, ಎಷ್ಟ ತೊಳದ್ರೂ ನನಗ ಧೈರ್ಯ ಬರವಲ್ದ್ರಿ, ನೀವಾ ಒಮ್ಮಿ ನೋಡ್ರಿ, ನನ್ನ ಕೈಯಾಗ ಏನೈತಿ — ಎರಡೂ ಕೈ ಚಾಚಿದ್ದಾಳೆ, ತಿಕ್ಕಿ ತಿಕ್ಕಿ ಕೆಂಪಾದ ಬೆರಳುಗಳು, ನೀರಿಗೆ ಸುಕ್ಕುಗಟ್ಟಿದ ತುದಿಗಳು, ನೋಡು ಶುಭಾಂಗಿ, ನೋಡಿ ಏನಾದರೂ ಹೇಳು, ಉಪ್ಪಿದ್ದದ್ದು ನಿನ್ನ ಬೆರಳಲ್ಲಿ, ತೊಳೆದು ಕೆಂಪಾದದ್ದು ಆ ಬೆರಳುಗಳು, ಆ ಕೆಂಪು ಬೆರಳುಗಳು…